ಬಾರೂಕನ ಸುರುಳಿಯೂ ಮೈಸೂರಿನ ತಟ್ಟೆಗಳೂ

ಪ್ರವಾದಿ ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯವನ್ನು ನೀವು ಎಂದಾದರೂ ನಿಧಾನವಾಗಿ ಓದಿದ್ದೀರಾ? ಅದು ಚಳಿಗಾಲ. ಯೂದಾಯದ ಅರಸ ಯೆಹೋಯಾಕೀಮನು ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದಾನೆ. ಪ್ರವಾದಿಯ ಬಾಯಿಂದ ಕೇಳಿ ಬಾರೂಕನು ಬರೆದ ಸುರುಳಿಯನ್ನು ಅವನ ಎದುರು ಓದಲಾಗುತ್ತಿದೆ. ಮೂರು ನಾಲ್ಕು ಅಂಕಣಗಳ ಓದು ಮುಗಿಯುತ್ತಲೇ ಅರಸನು ಅಷ್ಟು ಭಾಗವನ್ನು ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಎಸೆಯುತ್ತಾನೆ. ಇಡೀ ಸುರುಳಿ ಬೂದಿಯಾಗುವವರೆಗೂ ಇದೇ ನಡೆಯುತ್ತದೆ. ಆದರೆ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಬಾರೂಕನು ಇನ್ನೊಂದು ಸುರುಳಿಯನ್ನು ತೆಗೆದುಕೊಂಡು ಪ್ರವಾದಿ ಹೇಳಿದಂತೆ ಎಲ್ಲವನ್ನೂ ಮೊದಲಿನಿಂದ ಬರೆಯುತ್ತಾನೆ. ಹಳೆಯ ಮಾತುಗಳ ಜೊತೆಗೆ ಇನ್ನೂ ಅನೇಕ ಮಾತುಗಳು ಸೇರಿಕೊಳ್ಳುತ್ತವೆ.

ಧ್ವನಿಮುದ್ರಣವನ್ನು ನಾವು ಸಾಮಾನ್ಯವಾಗಿ ಮನರಂಜನೆಯ ವ್ಯಾಪಾರವೆಂದೇ ತಿಳಿದಿದ್ದೇವೆ. ಆದರೆ ಅಧಿಕಾರಕ್ಕೆ ಬೇಡವಾದ, ಕಾಲಕ್ಕೂ ಬೇಡವಾದ ಒಂದು ದನಿಯನ್ನು ಅದು ಅಳಿದುಹೋಗುವ ಮುನ್ನ ಕೂಡಿಸಿಡುವುದೂ ಧ್ವನಿಮುದ್ರಣವೇ. ಅದು ಬಾರೂಕನ ಕೆಲಸ. ಇಂತಹ ಒಂದು ಕೆಲಸಕ್ಕೆ ನಮ್ಮ ಮೈಸೂರಿನಿಂದ ಹಣ ಹೋಗಿತ್ತೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದ ಸಂಗತಿ. ಆ ಧ್ವನಿಮುದ್ರಿಕೆಗಳನ್ನು ಕೇಳಿ ನನಗೆ ಅನಿಸಿದ್ದನ್ನೂ, ಅವುಗಳನ್ನು ಪೀಣ್ಯದ ಒಂದು ಧರ್ಮಕೇಂದ್ರದ ಸಭಾಂಗಣದಲ್ಲಿ ಕೇಳಿಸಿದಾಗ ಎದ್ದ ಒಂದು ಪ್ರಶ್ನೆಯನ್ನೂ ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಆ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಾಡು ತೊರೆದ ದನಿ

ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಸಂಗೀತ ರಚನಕಾರರು, ಶ್ರೇಷ್ಠ ಪಿಯಾನೊ ವಾದಕರು. ಅವರು ಸಿಂಫನಿಗಳನ್ನು ಬರೆಯಲಿಲ್ಲ. 14 ಪಿಯಾನೊ ಸೊನಾಟಗಳು, ವಾದ್ಯವೃಂದದೊಡನೆ ಪಿಯಾನೊ ನುಡಿಸುವ ಮೂರು ಕಾನ್ಸರ್ಟೊಗಳು, ನೂರಕ್ಕೂ ಹೆಚ್ಚು ಹಾಡುಗಳು, ಅನೇಕ ಕಿರಿಯ ಪಿಯಾನೊ ಕೃತಿಗಳು ಅವರ ಬದುಕಿನ ಫಸಲು. ಅವರು ಬರೆದ ಪ್ರತಿಯೊಂದರಲ್ಲಿಯೂ ಪಿಯಾನೊ ಇದೆ. 1917ರ ಕ್ರಾಂತಿಯ ಬಳಿಕ ರಷ್ಯಾದಲ್ಲಿ ಹಸಿವು, ಚಳಿ, ಅಂತರ್ಯುದ್ಧಗಳ ವರ್ಷಗಳು ಬಂದವು. ಆ ವರ್ಷಗಳಲ್ಲಿಯೇ ಅವರು 'ಮರೆತ ರಾಗಗಳು' ಎಂಬ ಹೆಸರಿನ ಪಿಯಾನೊ ಕೃತಿಗಳ ಗುಚ್ಛವನ್ನು ಬರೆಯತೊಡಗಿದರು. ಮನಸ್ಸಿಗೆ ಹೊಳೆದು, ಟಿಪ್ಪಣಿ ಪುಸ್ತಕಗಳಲ್ಲಿ ಉಳಿದು, ಮರೆತುಹೋಗಿದ್ದ ರಾಗಗಳನ್ನು ಮತ್ತೆ ಹೆಕ್ಕಿ ಕೂಡಿಸಿದ ಕೆಲಸ ಅದು.

1921ರಲ್ಲಿ ಅವರು ರಷ್ಯಾವನ್ನು ಬಿಟ್ಟರು. ಬರ್ಲಿನ್, ಪ್ಯಾರಿಸ್ ನಗರದ ಆಸುಪಾಸು, ಕೊನೆಗೆ 1935ರಲ್ಲಿ ಲಂಡನ್. ಎಲ್ಲಿಯೂ ಅವರು ಪೂರ್ಣವಾಗಿ ಬೇರೂರಲಿಲ್ಲ. ಅವರ ಸಂಗೀತ ಪಶ್ಚಿಮದ ಹೊಸ ರುಚಿಗೆ ಹಳತಾಗಿ ಕಂಡಿತು, ಹುಟ್ಟಿದ ನಾಡಿನಲ್ಲಿ ದೇಶ ಬಿಟ್ಟವನ ಸಂಗೀತವಾಗಿ ಅಂಚಿಗೆ ಸರಿಯಿತು. ಪ್ರಸಿದ್ಧ ರಚನಕಾರ ರಖ್ಮಾನಿನೊಫ್ ಅವರಂತಹ ಸ್ನೇಹಿತರ ನೆರವು ಇಲ್ಲದಿದ್ದರೆ ಅವರ ಸಂಸಾರ ಸಾಗುವುದೂ ಕಷ್ಟವಾಗಿತ್ತು. ಜರ್ಮನ್ ಮೂಲದ ಪ್ರೊಟೆಸ್ಟೆಂಟ್ ಕುಟುಂಬದಲ್ಲಿ ಹುಟ್ಟಿದ್ದ ಅವರು 1936ರಲ್ಲಿ ರಷ್ಯನ್ ಆರ್ಥೊಡಾಕ್ಸ್ ಸಭೆಯನ್ನು ಸೇರಿದರು. ನಾಡನ್ನು ಕಳೆದುಕೊಂಡವರು ಆ ನಾಡಿನ ಪ್ರಾರ್ಥನೆಯೊಳಗೆ ಮನೆಮಾಡಿದರು. 1942ರಲ್ಲಿ ಹೃದಯಾಘಾತವಾಯಿತು. ಯುದ್ಧಕಾಲದ ಇಂಗ್ಲೆಂಡಿನಲ್ಲಿ ಶಿಷ್ಯೆಯೊಬ್ಬರ ಕುಟುಂಬ ಅವರನ್ನು ಆರೈಕೆ ಮಾಡಿತು. ಆ ಆಸರೆಯಲ್ಲಿಯೇ ಮೂರನೆಯ ಕಾನ್ಸರ್ಟೊ ಮುಗಿಯಿತು.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಮೆಟ್ನರ್ ಅವರನ್ನು ಯಾರೂ ಸೆರೆಯಲ್ಲಿಡಲಿಲ್ಲ. 1927ರಲ್ಲಿ ಅವರು ಸೋವಿಯತ್ ನಾಡಿಗೆ ಹೋಗಿ ಕಛೇರಿಗಳನ್ನು ನೀಡಿ ಬಂದದ್ದೂ ಉಂಟು. ದಬ್ಬಾಳಿಕೆ ಯಾವಾಗಲೂ ಲಾಠಿ ಹಿಡಿದು ಬರುವುದಿಲ್ಲ. ಒಬ್ಬನ ಕೃತಿಗಳು ಅಚ್ಚಾಗದಂತೆ, ಕೇಳದಂತೆ, ಕ್ರಮೇಣ ನೆನಪಿನಿಂದಲೂ ಜಾರಿಹೋಗುವಂತೆ ಬಿಟ್ಟುಬಿಡುವುದು ಅದರ ಇನ್ನೊಂದು ಮುಖ.

ಮೈಸೂರಿನಿಂದ ಬಂದ ಕರೆ

ಎರಡನೆಯ ಮಹಾಯುದ್ಧ ಮುಗಿದಾಗ ಮೈಸೂರಿನ ಸಿಂಹಾಸನದಲ್ಲಿದ್ದವರು ಜಯಚಾಮರಾಜೇಂದ್ರ ಒಡೆಯರ್. 1919ರಲ್ಲಿ ಹುಟ್ಟಿದ ಅವರಿಗೆ ಆಗ ಮೂವತ್ತೂ ತುಂಬಿರಲಿಲ್ಲ. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ಕರ್ನಾಟಕ ಸಂಗೀತದ ರಸಿಕರು ಅವರನ್ನು ಬಲ್ಲರು. ಅವರು ಪಾಶ್ಚಾತ್ಯ ಸಂಗೀತವನ್ನೂ ಶ್ರದ್ಧೆಯಿಂದ ಕಲಿತವರು. ಎಚ್‌ಎಂವಿ ಸಮೂಹದ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಅರಮನೆಯ ಅತಿಥಿಯಾಗಿದ್ದರು. ಅರಮನೆಯಲ್ಲಿ ಅಪಾರ ಧ್ವನಿಮುದ್ರಿಕೆಗಳ ಸಂಗ್ರಹವನ್ನೂ ಹಲವು ದೊಡ್ಡ ಪಿಯಾನೊಗಳನ್ನೂ ಕಂಡು ಬೆರಗಾದುದನ್ನು ಅವರು ನೆನಪಿಸಿಕೊಂಡಿದ್ದಾರೆ.

ಈ ಯುವ ಅರಸರು ಲಂಡನ್ನಿನಲ್ಲಿದ್ದ ವೃದ್ಧ, ಅಸ್ವಸ್ಥ ಮೆಟ್ನರ್ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಿಸುವ ಖರ್ಚನ್ನು ಹೊತ್ತರು. ಅದಕ್ಕಾಗಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. 1947ರಿಂದ ಮೂರೂ ಕಾನ್ಸರ್ಟೊಗಳು ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಧ್ವನಿಮುದ್ರಣಗೊಂಡವು. ಹಾಡುಗಳು, ಬಿಡಿ ಪಿಯಾನೊ ಕೃತಿಗಳು ಸೇರಿದವು. ಮೂರು ಸಂಪುಟಗಳು ಹೊರಬಂದವು. ಲೆಗ್ ಹೇಳುವಂತೆ, ಇದರ ಜೊತೆಗೆ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ಮೂರು ವರ್ಷ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವೂ ಮೈಸೂರಿನಿಂದ ದೊರೆಯಿತು. ಆಗಿನ ವಿನಿಮಯ ದರದಲ್ಲಿ ಅದು ವರ್ಷಕ್ಕೆ ಸುಮಾರು 1,33,000 ರೂಪಾಯಿ. ಮೆಟ್ನರ್ ತಮ್ಮ ಮೂರನೆಯ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು.

ತಟ್ಟೆಗಳಲ್ಲಿ ಏನಿದೆ?

ಈ ಧ್ವನಿಮುದ್ರಿಕೆಗಳು ಮುಂದೆ ಸಿ.ಡಿ.ಗಳಾಗಿಯೂ ಬಂದವು. ಅವುಗಳನ್ನು ಕೇಳಲು ಕೂರುವವರಿಗೆ ಒಂದು ಎಚ್ಚರಿಕೆ. ಮೊದಲು ಕೇಳುವುದು ಸಂಗೀತವಲ್ಲ, ಸವೆತದ ಸದ್ದು. ಅದು 78 ಸುತ್ತಿನ ತಟ್ಟೆಗಳ ಕಾಲ. ಒಂದು ಮುಖಕ್ಕೆ ನಾಲ್ಕೂವರೆ ನಿಮಿಷ ಹಿಡಿದರೆ ಹೆಚ್ಚು. ಅರ್ಧ ಗಂಟೆಗೂ ಮೀರಿದ ಮೂರನೆಯ ಕಾನ್ಸರ್ಟೊವನ್ನು ಎಂಟೊಂಬತ್ತು ತುಂಡುಗಳಾಗಿ ನುಡಿಸಬೇಕಿತ್ತು. ಹೃದಯಾಘಾತಕ್ಕೊಳಗಾಗಿದ್ದ 67 ವರ್ಷದ ವ್ಯಕ್ತಿ ಪ್ರತಿ ತುಂಡಿನ ಕೊನೆಗೆ ನಿಂತು, ಮತ್ತೆ ಅದೇ ಉಸಿರನ್ನು ಹಿಡಿದು ಮುಂದುವರಿಯಬೇಕಿತ್ತು.

ಆದರೂ ಆ ಉಸಿರು ಹರಿಯುವುದಿಲ್ಲ. ಇದು ಈ ಧ್ವನಿಮುದ್ರಣದ ಮೊದಲ ಹೆಗ್ಗಳಿಕೆ. ಮೂರನೆಯ ಕಾನ್ಸರ್ಟೊದ ಮೊದಲ ಭಾಗಕ್ಕೆ ಹಿನ್ನೆಲೆಯಾಗಿ ಲೆರ್ಮಂತೊವ್ ಕವಿಯ ಜಲಕನ್ಯೆಯ ಕವಿತೆಯಿದೆ. ನದಿಯ ತಳದಲ್ಲಿ ಮಲಗಿರುವ ಯೋಧನ ಸುತ್ತ ಜಲಕನ್ಯೆ ಹಾಡುತ್ತಾಳೆ, ಅವನು ಏಳುವುದಿಲ್ಲ. ಕವಿತೆ ಅಲ್ಲಿಗೇ ನಿಲ್ಲುತ್ತದೆ, ಮೆಟ್ನರ್ ನಿಲ್ಲುವುದಿಲ್ಲ. ಅವರ ಕಾನ್ಸರ್ಟೊ ಮುಂದೆ ಸಾಗಿದಂತೆ ಆ ಯೋಧನು ನಿದ್ರೆಯಿಂದ ಎಚ್ಚರಗೊಳ್ಳುವ ಮಾನವಾತ್ಮವಾಗುತ್ತಾನೆ. ಅಲೆಯ ತೂಗಾಟದಂತಹ ಆರಂಭವನ್ನು ಮೆಟ್ನರ್ ಸ್ವತಃ ನುಡಿಸುವಾಗ ಅಲ್ಲಿ ಆಡಂಬರವೇ ಇಲ್ಲ. ಅದೇ ಕೃತಿಯನ್ನು ಇಂದಿನ ಸಮರ್ಥ ವಾದಕರು ಇನ್ನೂ ಹೊಳಪಾಗಿ, ಇನ್ನೂ ವೇಗವಾಗಿ ನುಡಿಸಬಲ್ಲರು. ಆದರೆ ಎಲ್ಲಿ ಅವಸರ ಕೂಡದು ಎಂಬುದನ್ನು ಅದನ್ನು ಬರೆದ ಕೈ ಬಲ್ಲಷ್ಟು ಬೇರೆ ಕೈ ಬಲ್ಲುದೇ ಎಂಬ ಸಂದೇಹ ನನಗೆ ಈ ಧ್ವನಿಮುದ್ರಣವನ್ನು ಕೇಳಿದಾಗಲೆಲ್ಲ ಬರುತ್ತದೆ.

ಕೊರತೆಗಳನ್ನೂ ಹೇಳಬೇಕು. ಕಾನ್ಸರ್ಟೊಗಳಲ್ಲಿ ಪಿಯಾನೊ ಮುಂದೆ ನಿಂತು ವಾದ್ಯವೃಂದ ಬಹಳ ಕಡೆ ತೆರೆಯ ಹಿಂದೆ ಸರಿದಂತೆ ಕೇಳಿಸುತ್ತದೆ. ಪಿಯಾನೊಗೂ ಕೊಳಲು ತಂತಿವಾದ್ಯಗಳಿಗೂ ನಡೆಯುವ ಸಂಭಾಷಣೆಯಲ್ಲಿ ಒಂದು ಪಕ್ಷದ ಮಾತಷ್ಟೇ ಕಿವಿಗೆ ಬೀಳುವ ಜಾಗಗಳಿವೆ. ಹಾಡುಗಳ ಮಟ್ಟ ಏಕರೂಪವಲ್ಲ. ಮುಂದೆ ಜಗತ್ಪ್ರಸಿದ್ಧರಾದ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ 1950ರಲ್ಲಿ ಮೆಟ್ನರ್ ಅವರ ಪಿಯಾನೊ ಜೊತೆ ಹಾಡಿದ ಹಾಡುಗಳು ಸಂಗ್ರಹದ ಕಿರೀಟ. ಉಳಿದ ಕೆಲವು ಹಾಡುಗಳಲ್ಲಿ ಭಕ್ತಿ ಇದೆ, ಜೀವಂತಿಕೆ ಕಡಿಮೆ. ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಸಮಗ್ರವಾಗಬೇಕೆಂಬ ಆಶಯದಿಂದ ಹೊರಟ ಕೆಲಸ ಸಮಗ್ರವಾಗಲಿಲ್ಲ. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ತೀರಿಕೊಂಡರು. ಅವರ 14 ಸೊನಾಟಗಳಲ್ಲಿ ಹೆಚ್ಚಿನವು ಅವರ ಕೈಯಿಂದ ಧ್ವನಿಮುದ್ರಣಗೊಳ್ಳಲೇ ಇಲ್ಲ. ಅವೆಲ್ಲವನ್ನೂ ಒಟ್ಟಿಗೆ ಕೇಳಲು 1990ರ ದಶಕದ ವಾದಕರವರೆಗೆ ಜಗತ್ತು ಕಾಯಬೇಕಾಯಿತು.

ಒಂದು ಕೃತಿಯನ್ನು ಮಾತ್ರ ನೀವು ತಪ್ಪದೆ ಕೇಳಬೇಕೆಂದು ನನ್ನ ವಿನಂತಿ. ಅದು ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳಿಗಾಗಿ ಬರೆದ ಪಂಚವಾದ್ಯ ಕೃತಿ. ಮೆಟ್ನರ್ ಇದನ್ನು ಯೌವನದಲ್ಲಿ ಆರಂಭಿಸಿ ನಾಲ್ಕು ದಶಕಗಳಿಗೂ ಮೀರಿ ಮನಸ್ಸಿನಲ್ಲಿ ಹೊತ್ತು ತಿರುಗಿ, ಬದುಕಿನ ಸಂಜೆಯಲ್ಲಿ ಮುಗಿಸಿದರು. ಏಯೋಲಿಯನ್ ತಂಡದೊಡನೆ ಅದನ್ನು ತಾವೇ ಧ್ವನಿಮುದ್ರಿಸಿದರು. ಇದರಲ್ಲಿ ಹಾಡುವ ಕಂಠವಿಲ್ಲ, ಆದರೆ ಪವಿತ್ರ ಗ್ರಂಥದ ಮಾತುಗಳು ರಾಗದ ಒಳಗೆ ಅಡಗಿವೆ. ಈಗ ಹಸಿದಿರುವವರು ಧನ್ಯರೆಂದು ಪ್ರಭು ಯೇಸು ಸಾರಿದ ಮಾತು ಮೊದಲ ಭಾಗದ ಒಂದು ರಾಗಕ್ಕೆ ಆಧಾರ. ತನ್ನ ಘೋರ ಪಾಪಕ್ಕೆ ಕ್ಷಮೆ ಬೇಡುವ ಕೀರ್ತನೆಕಾರನ ಮೊರೆ ಎರಡನೆಯ ಭಾಗಕ್ಕೆ ಆಧಾರ. ಮಾಸ್ಕೋದ ಹಸಿವನ್ನು ಉಂಡು ಬಂದವರು ಶುಭಸಂದೇಶದ ಆ ಮಾತನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲವೆಂದು ನನ್ನ ಭಾವನೆ. ದೇವಿಯ ಮೇಲೆ ಸಂಸ್ಕೃತದಲ್ಲಿ ಕೃತಿಗಳನ್ನು ರಚಿಸುತ್ತಿದ್ದ ಒಬ್ಬ ಹಿಂದೂ ಅರಸರು, ಕ್ರಿಸ್ತನ ಮಾತುಗಳನ್ನು ರಾಗವಾಗಿಸುತ್ತಿದ್ದ ಒಬ್ಬ ರಷ್ಯನ್ ಕ್ರೈಸ್ತರ ಕೈ ಹಿಡಿದರು. ಎರಡನೆಯ ವ್ಯಾಟಿಕನ್ ಮಹಾಸಭೆ ಅನ್ಯಧರ್ಮೀಯರ ಕುರಿತು ಗೌರವದ ಮಾತನಾಡಿದ್ದು 1965ರಲ್ಲಿ. ಈ ಸ್ನೇಹ ಅದಕ್ಕೂ ಸುಮಾರು ಇಪ್ಪತ್ತು ವರ್ಷ ಹಿಂದಿನದು.

'ಸಮಗ್ರ' ಎಂದರೆ ಎಷ್ಟು?

ನಾಡು ತೊರೆದವರ ಕಥೆ ಇದಾದರೆ, ನಾಡಿನಲ್ಲಿಯೇ ಉಳಿದವರ ಕಥೆ ಬೇರೆ. ದ್ಮಿತ್ರಿ ಶೊಸ್ತಕೊವಿಚ್ ಸೋವಿಯತ್ ಆಳ್ವಿಕೆಯೊಳಗೇ ಬದುಕಿ 15 ಸಿಂಫನಿಗಳನ್ನು ಬರೆದರು. 1936ರ ಜನವರಿ 28ರಂದು ಆಳುವ ಪಕ್ಷದ ಪತ್ರಿಕೆ 'ಪ್ರಾವ್ದ' ಅವರ ಸಂಗೀತನಾಟಕವನ್ನು ಹೀನಾಯವಾಗಿ ಖಂಡಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರ ನಾಲ್ಕನೆಯ ಸಿಂಫನಿಯನ್ನು ಅಭ್ಯಾಸ ನಡೆಯುತ್ತಿದ್ದಾಗಲೇ ಹಿಂತೆಗೆದುಕೊಳ್ಳಬೇಕಾಯಿತು. ಯುದ್ಧದಲ್ಲಿ ಅದರ ಮೂಲ ಹಸ್ತಪ್ರತಿಯೂ ಕಳೆದುಹೋಯಿತು. ವಾದಕರಿಗಾಗಿ ಬರೆದಿಟ್ಟಿದ್ದ ಬಿಡಿ ಹಾಳೆಗಳು ಮಾತ್ರ ಉಳಿದಿದ್ದವು. ಅವುಗಳನ್ನು ಜೋಡಿಸಿ ಇಡೀ ಸಿಂಫನಿಯನ್ನು ಮರುಕಟ್ಟಲಾಯಿತು. 25 ವರ್ಷಗಳ ಬಳಿಕ, 1961ರ ಡಿಸೆಂಬರ್ 30ರಂದು, ಕಿರಿಲ್ ಕೊಂದ್ರಾಶಿನ್ ಅವರ ನಿರ್ದೇಶನದಲ್ಲಿ ಅದು ಮೊದಲ ಬಾರಿಗೆ ಕೇಳಿಸಿತು. ಬಾರೂಕನ ಎರಡನೆಯ ಸುರುಳಿ ನೆನಪಾಗುವುದಿಲ್ಲವೇ?

ಇದೇ ಕೊಂದ್ರಾಶಿನ್ 1960ರ ದಶಕದ ಆರಂಭದಿಂದ 1975ರವರೆಗೆ ಮಾಸ್ಕೋದ ವಾದ್ಯವೃಂದದೊಡನೆ ಹದಿನೈದೂ ಸಿಂಫನಿಗಳನ್ನು ಧ್ವನಿಮುದ್ರಿಸಿದರು. ಶೊಸ್ತಕೊವಿಚ್ ಸಿಂಫನಿಗಳ ಮೊದಲ ಸಮಗ್ರ ಧ್ವನಿಮುದ್ರಣ ಅದು. ಮುಂದೆ ಸೋವಿಯತ್ ನಾಡನ್ನು ಬಿಟ್ಟು ಹೋದ ರುಡೊಲ್ಫ್ ಬರ್ಶಾಯ್ 1992ರಿಂದ 2000ದವರೆಗೆ ಜರ್ಮನಿಯ ಕೊಲೋನ್ ನಗರದ ರೇಡಿಯೊ ವಾದ್ಯವೃಂದದಿಂದ ಹದಿನೈದನ್ನೂ ನುಡಿಸಿ ಧ್ವನಿಮುದ್ರಿಸಿದರು. ಬರ್ಶಾಯ್ ಅವರ ಸಂಗ್ರಹದಲ್ಲಿ ಶಬ್ದ ನಿರ್ಮಲ, ಸಮತೋಲನ ನ್ಯಾಯವಾದದ್ದು. ಕೊಂದ್ರಾಶಿನ್ ಅವರದರಲ್ಲಿ ಶಬ್ದ ಒರಟು, ವೇಗ ಕೆಲವೆಡೆ ಉಸಿರುಕಟ್ಟಿಸುವಷ್ಟು. ಆದರೆ ಅಲ್ಲಿ ನುಡಿಸುತ್ತಿರುವವರು ಆ ಭಯದೊಳಗೇ ಬದುಕಿದ್ದವರು ಎಂಬುದು ಪ್ರತಿ ಸಾಲಿನಲ್ಲಿಯೂ ತಿಳಿಯುತ್ತದೆ.

ಆದರೆ ಆ ಸಮಗ್ರ ಸಂಗ್ರಹದೊಳಗೂ ಒಂದು ಗಾಯವಿದೆ. 13ನೆಯ ಸಿಂಫನಿಯು 1941ರಲ್ಲಿ ಕೀವ್ ನಗರದ ಬಾಬಿ ಯಾರ್ ಕಮರಿಯಲ್ಲಿ ನಾಜಿಗಳು ಕೊಂದ ಯೆಹೂದ್ಯರಿಗಾಗಿ ಮಿಡಿದ ಕೃತಿ. ಯೆವ್ತುಶೆಂಕೊ ಅವರ ಕವಿತೆಗಳನ್ನು ಅದರಲ್ಲಿ ಹಾಡಲಾಗುತ್ತದೆ. 1962ರ ಡಿಸೆಂಬರ್ 18ರಂದು ಅದರ ಮೊದಲ ಪ್ರದರ್ಶನವಾಯಿತು. ಯೆಹೂದ್ಯರ ನೋವನ್ನು ಮಾತ್ರ ಎತ್ತಿ ಹೇಳುವುದು ಅಧಿಕಾರಸ್ಥರಿಗೆ ಹಿಡಿಸಲಿಲ್ಲ. ಕವಿ ಒತ್ತಡಕ್ಕೆ ಮಣಿದು ಕೆಲವು ಸಾಲುಗಳನ್ನು ಬದಲಿಸಿದರು. ಕೊಂದ್ರಾಶಿನ್ ಅವರ ಸಮಗ್ರ ಸಂಗ್ರಹದಲ್ಲಿ ಹಾಡಿರುವುದು ಆ ಬದಲಾದ ಮಾತುಗಳನ್ನೇ. ಹದಿನೈದಕ್ಕೆ ಹದಿನೈದೂ ಇವೆ, ಲೆಕ್ಕ ಸರಿಯಾಗಿದೆ, ಆದರೆ ಒಂದು ಕಡೆ ಚಾಕುವಿನ ಗುರುತು ಉಳಿದಿದೆ. ಇದನ್ನು ಕೊಂದ್ರಾಶಿನ್ ಅವರ ತಪ್ಪೆಂದು ನಾನು ಎಣಿಸಲಾರೆ. ಕೆಲವು ಸಾಲುಗಳನ್ನು ಬಿಟ್ಟುಕೊಡದಿದ್ದರೆ ಬಹುಶಃ ಇಡೀ ಸಿಂಫನಿಯೇ ನಮಗೆ ಸಿಗುತ್ತಿರಲಿಲ್ಲ. 1978ರಲ್ಲಿ ಅವರೂ ನಾಡು ತೊರೆದು ನೆದರ್ಲೆಂಡ್ಸ್‌ನಲ್ಲಿ ಉಳಿದುಕೊಂಡರು.

ಆದ್ದರಿಂದ 'ಸಮಗ್ರ' ಎಂಬ ಮಾತನ್ನು ಪೆಟ್ಟಿಗೆಯೊಳಗಿನ ತಟ್ಟೆಗಳ ಸಂಖ್ಯೆಯಿಂದ ಅಳೆಯಬಾರದೆಂದು ನನಗೆ ತೋರುತ್ತದೆ. ಮೈಸೂರಿನ ತಟ್ಟೆಗಳಲ್ಲಿ ಎಷ್ಟೋ ಕೃತಿಗಳಿಲ್ಲ, ಆದರೆ ಇರುವಷ್ಟರಲ್ಲಿ ಯಾರೂ ಕತ್ತರಿ ಆಡಿಸಿಲ್ಲ. ಮಾಸ್ಕೋದ ತಟ್ಟೆಗಳಲ್ಲಿ ಎಲ್ಲವೂ ಇದೆ, ಆದರೆ ಒಂದೆಡೆ ಬಾಯಿಗೆ ಬೇರೆಯವರ ಕೈ ಅಡ್ಡ ಬಂದಿದೆ. ಎರಡನ್ನೂ ಕೇಳುವವನು ಇಲ್ಲದ್ದನ್ನೂ ಕೇಳಿಸಿಕೊಳ್ಳಲು ಕಲಿಯಬೇಕು.

ಆ ಹಣ ಯಾರದು?

ಈಗ ನಾನು ಮೊದಲೇ ಹೇಳಿದ ಪ್ರಶ್ನೆಗೆ ಬರುತ್ತೇನೆ. ಒಂದು ಭಾನುವಾರ ಸಂಜೆ ಪೀಣ್ಯದ ಆ ಧರ್ಮಕೇಂದ್ರದ ಸಭಾಂಗಣದಲ್ಲಿ ಸುಮಾರು ನಲವತ್ತು ಮಂದಿ ಸೇರಿದ್ದರು. ಲೇತ್ ಯಂತ್ರದ ಮುಂದೆ ಬದುಕು ಸವೆಸಿದ ಹಿರಿಯರಿದ್ದರು, ಅವರ ಮಕ್ಕಳಿದ್ದರು, ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮೊಮ್ಮಕ್ಕಳಿದ್ದರು. ಮೂರನೆಯ ಕಾನ್ಸರ್ಟೊ ಮುಗಿದಾಗ ಹಿರಿಯರೊಬ್ಬರು ಎದ್ದುನಿಂತರು.

"ಸ್ವಾಮಿ, ಸಂಗೀತ ನನಗೆ ಅರ್ಥವಾಗಲಿಲ್ಲ, ಆದರೆ ಕೇಳುತ್ತ ಕುಳಿತೆ. ಒಂದು ಮಾತು ಕೇಳಲೇ? ನಮ್ಮಪ್ಪ ನಲವತ್ತೇಳರಲ್ಲಿ ಮೈಸೂರು ಚಲೋ ಚಳವಳಿಗೆ ಹೋಗಿ ಪೊಲೀಸರ ಏಟು ತಿಂದವರು. ಅದೇ ವರ್ಷ ಈ ಹಣ ಲಂಡನ್ನಿಗೆ ಹೋಯಿತು ಅಂತೀರಿ. ಅದು ಯಾರ ಹಣ?"

ಸಭಾಂಗಣ ಮೌನವಾಯಿತು. ಅವರ ಮಾತಿನಲ್ಲಿ ಸತ್ಯವಿತ್ತು. 1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದಾಗ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ಸೆಪ್ಟೆಂಬರಿನಲ್ಲಿ ಜನರು ಬೀದಿಗಿಳಿದರು. ಬಂಧನಗಳಾದವು, ಜೀವಗಳು ಹೋದವು. ಅಕ್ಟೋಬರಿನಲ್ಲಿ ಅರಮನೆ ಒಪ್ಪಿಕೊಂಡಿತು, ಕೆ.ಸಿ. ರೆಡ್ಡಿಯವರ ನಾಯಕತ್ವದಲ್ಲಿ ಜನರ ಸರ್ಕಾರ ಬಂದಿತು. ಒಂದು ನಾಡಿನಲ್ಲಿ ದನಿ ಕಳೆದುಕೊಂಡವರಿಗೆ ದನಿ ಕೊಟ್ಟ ವರ್ಷವೇ ತನ್ನ ಹೊಸ್ತಿಲಲ್ಲಿ ದನಿಯೆತ್ತಿದವರು ಏಟು ತಿಂದ ವರ್ಷವೂ ಆಗಿತ್ತು. ಈ ಎರಡನ್ನೂ ಒಟ್ಟಿಗೆ ನೋಡದವನು ಮೈಸೂರಿನ ತಟ್ಟೆಗಳನ್ನು ಪೂರ್ತಿ ಕೇಳಿದಂತಾಗುವುದಿಲ್ಲ.

ಆ ಸಂಜೆ ನಾನು ಬೆಥಾನಿಯದ ಕಥೆಯನ್ನು ನೆನಪಿಸಿದೆ. ಮುನ್ನೂರು ದಿನಾರಿ ಬೆಲೆಯ ಸುಗಂಧ ತೈಲವನ್ನು ಒಬ್ಬ ಹೆಣ್ಣುಮಗಳು ಪ್ರಭುವಿನ ತಲೆಯ ಮೇಲೆ ಸುರಿದಾಗ, ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಪಕ್ಕದಲ್ಲಿದ್ದವರು ಗೊಣಗಿದರು. ಪ್ರಭು ಆಕೆಯ ಪರ ನಿಂತರು. ಹೀಗೆಂದಾಗ ಆ ಹಿರಿಯರು ನಸುನಕ್ಕು ಹೇಳಿದರು: "ಸ್ವಾಮಿ, ಆಕೆ ಸುರಿದದ್ದು ತನ್ನ ಸ್ವಂತ ತೈಲ."

ನನಗೆ ಆಗ ಉತ್ತರ ಹೊಳೆಯಲಿಲ್ಲ, ಇಂದಿಗೂ ಪೂರ್ತಿಯಾಗಿ ಹೊಳೆದಿಲ್ಲ. ಮನೆಗೆ ಬಂದು ಯೋಚಿಸಿದಾಗ ಇನ್ನಷ್ಟು ಸಂಗತಿಗಳು ಅವರ ಪಕ್ಷಕ್ಕೇ ಸೇರಿದವು. ಆ ಕಾಲದ ಗ್ರಾಮಫೋನ್ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು. ಜಗತ್ತಿಗೆ ಬೇಕಾಗಿದ್ದ ಅರಗಿನ ಬಹುಪಾಲು ಹೋಗುತ್ತಿದ್ದುದು ಭಾರತದಿಂದ, ಅದರಲ್ಲಿಯೂ ಛೋಟಾನಾಗಪುರದ ಕಾಡುಗಳಿಂದ. ಮರದ ಕೊಂಬೆಗಳಿಂದ ಅದನ್ನು ಬಿಡಿಸಿದ ಕೈಗಳು ಆದಿವಾಸಿಗಳ ಕೈಗಳು. ಅವರಲ್ಲಿ ಅನೇಕರು ನಮ್ಮ ಕಥೋಲಿಕ ಸಭೆಯ ಮಕ್ಕಳು. ಅದೇ ಜಾರ್ಖಂಡಿನ ಯುವಕರು ಇಂದು ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರಗಳ ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುತ್ತ, ಭಾನುವಾರದ ಬಲಿಪೂಜೆಗೆ ಬಂದು ಕೊನೆಯ ಸಾಲಿನಲ್ಲಿ ನಿಲ್ಲುತ್ತಾರೆ. ದೊಡ್ಡವರ ದನಿಯನ್ನು ಕಾಪಾಡಿದ ತಟ್ಟೆಗೆ ಅರಗು ಕೊಟ್ಟವರ ಹಾಡು ಯಾವ ತಟ್ಟೆಯಲ್ಲಿದೆ?

ಆದರೂ ನ್ಯಾಯದ ತಕ್ಕಡಿಯ ಇನ್ನೊಂದು ಬದಿಯನ್ನೂ ನೋಡಬೇಕು. ಅರಸರ ಕೊಡುಗೆಯನ್ನು ಉಂಡು ಬೆಳೆದವರಲ್ಲಿ ನಾವೂ ಇದ್ದೇವೆ. ಇಂದಿನ ವೈಟ್‌ಫೀಲ್ಡ್ ಹುಟ್ಟಿದ್ದೇ 1882ರಲ್ಲಿ, ಜಯಚಾಮರಾಜೇಂದ್ರರ ಅಜ್ಜ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ನೀಡಿದ ಭೂಮಿಯಲ್ಲಿ. ಎರಡು ನಾಡುಗಳ ನಡುವೆ ಸಿಕ್ಕು ಎಲ್ಲಿಯೂ ತಮ್ಮದೆನ್ನಲು ನೆಲವಿಲ್ಲದ ಒಂದು ಕ್ರೈಸ್ತ ಸಮುದಾಯಕ್ಕೆ ಆ ಅರಮನೆ ನೆಲೆ ಕೊಟ್ಟಿತು. ಅದರ ಮೊಮ್ಮಗ ನಾಡಿಲ್ಲದ ಒಬ್ಬ ಸಂಗೀತಗಾರನಿಗೆ ನೆಲೆ ಕೊಟ್ಟನು. ಆ ಹಣ ಬೇರೆಡೆಗೆ ಹೋಗಿದ್ದರೆ ಹಸಿದವರ ಹೊಟ್ಟೆಗೇ ಸೇರುತ್ತಿತ್ತೆಂದು ಹೇಳಲು ಬರುವಂತಿಲ್ಲ. ಆದರೆ ಮೆಟ್ನರ್ ಅವರ ಕೈಯ ಸಂಗೀತ ಮಾತ್ರ ಖಂಡಿತವಾಗಿ ಮಣ್ಣಾಗುತ್ತಿತ್ತು.

ಇನ್ನೊಂದು ಸಂಗತಿ. 1958ರಲ್ಲಿ ಮೆಟ್ನರ್ ಅವರ ಪತ್ನಿ ಆನಾ ಗಂಡನ ಹಸ್ತಪ್ರತಿಗಳನ್ನು ಹೊತ್ತು ಮಾಸ್ಕೋಗೆ ಮರಳಿದರು. 1959ರಿಂದ 1963ರೊಳಗೆ ಅದೇ ಸೋವಿಯತ್ ನಾಡು ಅವರ ಸಮಗ್ರ ಕೃತಿಗಳನ್ನು 12 ಸಂಪುಟಗಳಲ್ಲಿ ಅಚ್ಚುಹಾಕಿತು. ಅಗ್ಗಿಷ್ಟಿಕೆಯ ಮುಂದಿದ್ದ ಅರಸನ ಮನೆಯಲ್ಲಿಯೇ ಸುರುಳಿ ಮತ್ತೆ ತೆರೆಯಿತು. ಆನಾ ಅವರ ಬಳಿ ಅಧಿಕಾರವಿರಲಿಲ್ಲ, ಸಂಪತ್ತೂ ಇರಲಿಲ್ಲ. ಕಾಗದಗಳನ್ನು ಕಳೆಯದೆ ಇಟ್ಟುಕೊಂಡಿದ್ದರು, ಅಷ್ಟೆ.

ನಮ್ಮ ಮನೆಯ ಸುರುಳಿ

ಪ್ರಿಯ ವಾಚಕರೇ, ವಿಮರ್ಶೆಯ ಕೊನೆಗೆ ತೀರ್ಪು ಕೊಡುವುದು ವಾಡಿಕೆ. ಮೈಸೂರಿನ ತಟ್ಟೆಗಳು ಕೇಳಲೇಬೇಕಾದವು ಎಂಬುದು ನನ್ನ ತೀರ್ಪು. ಸಾಧ್ಯವಾದರೆ ಮೊದಲು ಪಂಚವಾದ್ಯ ಕೃತಿ, ಆಮೇಲೆ ಮೂರನೆಯ ಕಾನ್ಸರ್ಟೊ, ಆಮೇಲೆ ಶ್ವಾರ್ಟ್ಸ್‌ಕಾಫ್ ಅವರ ಹಾಡುಗಳು. ಒಂದೇ ಬಾರಿಗೆ ಮನಸ್ಸಿಗೆ ಹತ್ತದಿದ್ದರೆ ಬೇಸರ ಬೇಡ. ಈ ಸಂಗೀತ ಮೊದಲ ಭೇಟಿಯಲ್ಲಿಯೇ ಕೈಕುಲುಕುವ ಸ್ವಭಾವದ್ದಲ್ಲ.

ಆದರೆ ಆ ಹಿರಿಯರ ಪ್ರಶ್ನೆ ನನ್ನನ್ನು ತೀರ್ಪಿನಲ್ಲಿಯೇ ನಿಲ್ಲಲು ಬಿಡಲಿಲ್ಲ. ಮುಂದಿನ ತಿಂಗಳು ನಾನು ಅವರ ಮನೆಗೆ ಹೋದೆ. ಮಾತಿನ ನಡುವೆ ಅವರ ಪತ್ನಿ, ಎಂಬತ್ತರ ಹತ್ತಿರದ ತಾಯಿ, ತಪಸ್ಸುಕಾಲದ ಶುಕ್ರವಾರಗಳಲ್ಲಿ ತಮ್ಮ ಹಳ್ಳಿಯ ದೇವಾಲಯದಲ್ಲಿ ಹೆಂಗಸರು ಹಾಡುತ್ತಿದ್ದ ಪಾಡಿನ ಹಾಡೊಂದನ್ನು ಹಾಡಿದರು. ನಾನು ಎಂದೂ ಕೇಳಿರದ ಹಾಡು. ಯಾವ ಗೀತಪುಸ್ತಕದಲ್ಲಿಯೂ ನಾನು ಅದನ್ನು ಕಂಡಿಲ್ಲ. ಮೂರು ಚರಣಗಳಾದ ಮೇಲೆ ನಿಲ್ಲಿಸಿ, "ಮುಂದಿನದು ಅಕ್ಕನಿಗೆ ಗೊತ್ತಿತ್ತು ಸ್ವಾಮಿ, ಅವಳೂ ಹೋದಳು" ಎಂದರು. ಪಕ್ಕದಲ್ಲಿ ಕೈಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದ ಮೊಮ್ಮಗ ತಲೆಯೆತ್ತಿ ನೋಡಿದ. ಅಜ್ಜಿಗೆ ಹಾಡು ಬರುತ್ತದೆಂಬುದೇ ಅವನಿಗೆ ತಿಳಿದಿರಲಿಲ್ಲ.

ಇಲ್ಲಿ ಯಾವ ಅರಸನೂ ಸುರುಳಿಯನ್ನು ಸುಡಲಿಲ್ಲ. ನಾವೇ ಕೇಳದೆ ಬಿಟ್ಟೆವು. ಊರು ಬಿಟ್ಟು ಬಂದು, ಪಾಳಿಯ ಕೆಲಸ, ಬಾಡಿಗೆ ಮನೆ, ಮಕ್ಕಳ ಓದು ಎಂದು ಓಡುವಾಗ ಹಾಡುಗಳು ಒಂದೊಂದಾಗಿ ಉದುರಿದವು. ಇದಕ್ಕೆ ಮಹಾರಾಜರ ಬೊಕ್ಕಸ ಬೇಕಿಲ್ಲ, ಲಂಡನ್ನಿನ ಧ್ವನಿಮುದ್ರಣ ಶಾಲೆಯೂ ಬೇಕಿಲ್ಲ. ಆ ಮೊಮ್ಮಗನ ಜೇಬಿನಲ್ಲಿರುವ ಸಾಧನ ಸಾಕು. ಮುಂದಿನ ತಪಸ್ಸುಕಾಲದೊಳಗೆ ನಿಮ್ಮ ಮನೆಯ ಹಿರಿಯರನ್ನು ಕೂರಿಸಿ, ಅವರು ಬಲ್ಲ ಹಾಡನ್ನು, ಮರೆತ ಚರಣದ ಮೌನವನ್ನೂ ಸೇರಿಸಿ, ಹಿಡಿದಿಡಿ. ಯಾರ ಹಾಡು, ಯಾವ ಊರಿನದು, ಎಂದು ಹಾಡುತ್ತಿದ್ದರು ಎಂಬುದನ್ನು ಬರೆದಿಡಿ. ಕೊನೆಯ ಸಾಲಿನಲ್ಲಿ ನಿಲ್ಲುವ ಜಾರ್ಖಂಡಿನ ಹುಡುಗನನ್ನೂ ಒಮ್ಮೆ ಮನೆಗೆ ಕರೆದು ಅವನ ಊರಿನ ಹಾಡನ್ನು ಕೇಳಿ. ಅವನ ಅಜ್ಜನೂ ಒಂದು ಕಾಲಕ್ಕೆ ಅರಗು ಬಿಡಿಸಿದವನಿರಬಹುದು.

ಆ ತಾಯಿಯ ಹಾಡಿನ ನಾಲ್ಕನೆಯ ಚರಣ ಬಲ್ಲವರು ಈ ಪುಟಗಳ ಓದುಗರಲ್ಲಿಯೇ ಯಾರಾದರೂ ಇದ್ದಾರೇನೋ ಎಂಬ ಆಸೆ ನನಗಿದೆ. ಮೊಮ್ಮಗನ ಮೊಬೈಲಿನಲ್ಲಿ ಈಗ ಮೂರು ಚರಣಗಳಿವೆ.